ಫಾರ್ವರ್ಡ್ ಮಾಡದಿದ್ದರೆ ಯೇಸು ನಿಮ್ಮನ್ನು ಕೈಬಿಡುತ್ತಾರಾ?

ಮುಂಬೈನ ಕನ್ನಡ ಕ್ರೈಸ್ತ ಸಭೆಯವರ ವಾಟ್ಸಾಪ್ ಗುಂಪುಗಳಲ್ಲಿ ಈ ಮೆಸೇಜ್ ಸುತ್ತುತ್ತಿದೆ: "10 ಜನರಿಗೆ ಕಳಿಸಿ, ಇಲ್ಲದಿದ್ದರೆ ನ್ಯಾಯತೀರ್ಪಿನ ದಿನ ಯೇಸು ನಿಮ್ಮನ್ನು ಅರಿಯೆನು ಅನ್ನುತ್ತಾರೆ." ಆಧಾರ ಅಂತ ಬೈಬಲಿನ ಮತ್ತಾಯ 10:33 ಕೊಟ್ಟಿದ್ದಾರೆ: ಜನರ ಮುಂದೆ ನನ್ನನ್ನು ಅರಿಯೆನು ಅನ್ನುವವರನ್ನು ನಾನೂ ನನ್ನ ತಂದೆಯ ಮುಂದೆ ಅರಿಯೆನು ಅನ್ನುವೆನು ಅಂತ ಯೇಸು ಅಲ್ಲಿ ಹೇಳುತ್ತಾರೆ.

ವಚನ ನಿಜ, ಅರ್ಥ ತಪ್ಪು. ಆ ಅಧ್ಯಾಯವನ್ನು ಮೊದಲಿಂದ ಓದಿ. ಯೇಸು 12 ಶಿಷ್ಯರನ್ನು ಸಾರಲು ಕಳಿಸುತ್ತಾ, ನಿಮ್ಮನ್ನು ಅಧಿಪತಿಗಳ, ಅರಸರ ಮುಂದೆ ಎಳೆದೊಯ್ಯುತ್ತಾರೆ, ಕೊರಡೆಯಿಂದ ಹೊಡೆಯುತ್ತಾರೆ, ಆಗಲೂ ನನ್ನವರೆಂದು ಹೇಳಲು ಹೆದರಬೇಡಿ ಅನ್ನುತ್ತಾರೆ. ಮೆಸೇಜ್ ಕಳಿಸುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ನ್ಯಾಯತೀರ್ಪಿನ ದಿನ ಏನು ಕೇಳುತ್ತಾರೆ ಅನ್ನೋದು ಮತ್ತಾಯ 25ರಲ್ಲಿದೆ. ಹಸಿದವರಿಗೆ ಊಟ ಕೊಟ್ಟಿರಾ, ಪರದೇಶಿಯನ್ನು ಸೇರಿಸಿಕೊಂಡಿರಾ, ರೋಗಿಯನ್ನು, ಸೆರೆಯಲ್ಲಿದ್ದವರನ್ನು ನೋಡಲು ಹೋದಿರಾ. ಪರೇಲಿನ ಟಾಟಾ ಆಸ್ಪತ್ರೆಗೆ ನಮ್ಮ ಕಡೆಯಿಂದಲೂ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಎಷ್ಟೋ ಜನರಿಗೆ ಇಲ್ಲಿನ ಭಾಷೆ ಬರಲ್ಲ, ಉಳಿಯಲು ಜಾಗವೂ ಇರಲ್ಲ. ಅವರ ಜೊತೆ ಒಂದು ಗಂಟೆ ಕೂತರೆ ಆ ಮಾತು ಪಾಲಿಸಿದ ಹಾಗೆ, ಅಲ್ವಾ?

ಹಾಗಂತ ಒಳ್ಳೆ ಕೆಲಸದಿಂದ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಂಪಾದಿಸಬಹುದು ಅಂತಲ್ಲ. ಅದು ಕೃಪೆಯಿಂದ ಅಂತ ಎಫೆಸ 2:8 ಹೇಳುತ್ತದೆ. ಆದರೆ ಸತ್ಕಾರ್ಯಗಳಿಗಾಗಿಯೇ ನಾವು ಸೃಷ್ಟಿಯಾದವರು ಅಂತ 10ನೇ ವಚನ ಮುಂದುವರಿಸುತ್ತದೆ.

ಮೆಸೇಜ್ ಬಂದರೆ ಹೆದರದೆ ಅಳಿಸಿ. ಕಳಿಸಿದವರಿಗೆ ಮತ್ತಾಯ 25 ಓದಲು ಹೇಳಿ.