ಕತ್ತಲಲ್ಲಿ ತಡಕುವ ಕೈಗೊಂದು ಕೊರಡು

ಹಾಸಿಗೆಯ ಪಕ್ಕದಲ್ಲಿ ಮೇಜನ್ನು ಇಡುವುದು ಅರಸಿಕತೆಯ ಲಕ್ಷಣವೆಂದು ತೀರ್ಮಾನವಾಗಿ ಕೆಲವು ಕಾಲವಾಯಿತು. ಅಲ್ಲಿ ಮರದ ಕೊರಡನ್ನು ಇಡಬಹುದು, ಹಳೆಯ ಸೂಟ್‌ಕೇಸುಗಳನ್ನು ಒಂದರ ಮೇಲೊಂದು ಪೇರಿಸಬಹುದು, ಗೋಡೆಗೆ ಏಣಿಯನ್ನು ಒರಗಿಸಬಹುದು, ಸೂರಿನಿಂದ ಹಗ್ಗ ಇಳಿಬಿಟ್ಟು ಹಲಗೆಯೊಂದನ್ನು ತೂಗುಹಾಕಬಹುದು, ವಿದ್ಯುತ್ ತಂತಿಯನ್ನು ಸುತ್ತಿ ತರುವ ಮರದ ಉರುಳೆಯನ್ನು ನಿಲ್ಲಿಸಬಹುದು. ಇವು ಯಾವುವೂ ಒದಗದಿದ್ದರೆ ಯಾರೂ ಓದದ ದಪ್ಪ ಪುಸ್ತಕಗಳನ್ನು ಗೋಪುರದಂತೆ ಪೇರಿಸಬಹುದು. ಮೇಜನ್ನು ಮಾತ್ರ ಇಡಬಾರದು. ಒಳಾಂಗಣ ವಿನ್ಯಾಸದ ಸಲಹೆಗಾರರು ಇದನ್ನು ‘ವ್ಯಕ್ತಿತ್ವದ ಅಭಿವ್ಯಕ್ತಿ’ ಎನ್ನುತ್ತಾರೆ. ನಾಲ್ಕು ಕಾಲು, ಒಂದು ಹಲಗೆ, ಒಂದು ಡ್ರಾಯರ್ ಉಳ್ಳ ಮೇಜಿನ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದವರಿಗೆ ವ್ಯಕ್ತಿತ್ವವೇ ಇರಲಿಲ್ಲವೆಂಬುದು ಇದರಿಂದ ತಾನಾಗಿ ಸಿದ್ಧವಾಗುತ್ತದೆ. ಪಾಪ, ಅವರಿಗೆ ಇದ್ದದ್ದು ನಿದ್ದೆಯೊಂದೇ.

ಮನೆಯಲ್ಲಿರುವ ಇತರ ಸಾಮಾನುಗಳಿಗೂ ಈ ಮೇಜಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಇದು ತನ್ನ ನಿಜವಾದ ಕೆಲಸವನ್ನು ಮಾಡುವುದು ಯಜಮಾನನ ಕಣ್ಣು ಮುಚ್ಚಿರುವಾಗ. ನಡುರಾತ್ರಿ ಅರೆನಿದ್ದೆಯಲ್ಲಿ ಹೊದಿಕೆಯಿಂದ ಹೊರಬಂದ ಕೈಯೊಂದು ಕನ್ನಡಕವನ್ನೋ ನೀರಿನ ಲೋಟವನ್ನೋ ಗುಳಿಗೆಯ ಪಟ್ಟಿಯನ್ನೋ ತಡಕುತ್ತದೆ. ಆ ಕೈಗೆ ಮೊಣಕೈ ಎತ್ತದೆಯೇ ಎಟುಕಲೆಂದು ಬಡಗಿಗಳು ಮೇಜಿನ ಎತ್ತರವನ್ನು ಹಾಸಿಗೆಯ ಮೇಲ್ಮೈಗೆ ಸರಿಸಮವಾಗಿ, ಹೆಚ್ಚೆಂದರೆ ಎರಡು ಬೆರಳು ಮೇಲಕ್ಕೆ, ಸಾಮಾನ್ಯವಾಗಿ 60ರಿಂದ 70 ಸೆಂಟಿಮೀಟರಿನೊಳಗೆ ಇಟ್ಟುಕೊಂಡು ಬಂದರು. ಈಗ ಆಯ್ಕೆಯ ಅಧಿಕಾರವು ಆ ಕೈಯಿಂದ ಕಣ್ಣಿಗೆ ವರ್ಗವಾಗಿದೆ, ಅದರಲ್ಲೂ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುವವರ ಕಣ್ಣಿಗೆ. ಅಲ್ಲಿ ಮಲಗದವರೆಲ್ಲ ಅದನ್ನು ಮೆಚ್ಚಬೇಕು ಎಂಬುದು ಮೊದಲ ನಿಯಮ.

ಇವುಗಳಲ್ಲಿ ಕೊರಡಿಗೆ ಅಗ್ರಪೀಠ. ‘ಮಲಗುವ ಕೋಣೆಗೆ ಪ್ರಕೃತಿಯನ್ನು ಆಹ್ವಾನಿಸಿರಿ’ ಎಂದು ಸಲಹೆಗಾರರು ಕರೆ ಕೊಡುತ್ತಾರೆ, ಪ್ರಕೃತಿ ಬರುವಾಗ ತನ್ನ ಸಂಸಾರವನ್ನೂ ಕರೆತರುತ್ತದೆಂಬುದನ್ನು ಮಾತ್ರ ಹೇಳುವುದಿಲ್ಲ. ತೊಗಟೆಯ ಅಡಿಯಲ್ಲಿ ನೆಲೆಸಿದ ಹುಳುಗಳಿಗೆ ವಿನ್ಯಾಸದ ವಿಷಯದಲ್ಲಿ ಆಸಕ್ತಿಯಿಲ್ಲ. ಅವು ರಾತ್ರಿಯಿಡೀ ಕೊರೆದು ಬೆಳಗಿಗೆ ನುಣ್ಣನೆಯ ಪುಡಿಯನ್ನು ನೆಲದ ಮೇಲೆ ಉದುರಿಸಿರುತ್ತವೆ. ಕಡಿದ ಮರವು ಒಣಗುವಾಗ ಉಂಗುರಗಳ ಗುಂಟ ಕುಗ್ಗುವ ಪ್ರಮಾಣವು ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವ ಪ್ರಮಾಣದ ಸುಮಾರು ಎರಡರಷ್ಟಿರುವುದರಿಂದ, ಪೂರ್ತಿ ದುಂಡಗಿನ ಕೊರಡು ನಡುವಿನಿಂದ ಅಂಚಿನವರೆಗೆ ಬಿರುಕು ಬಿಡದೆ ಒಣಗುವುದು ಅಪರೂಪ. ಆ ಬಿರುಕನ್ನು ‘ಸಹಜ ಸೌಂದರ್ಯ’ವೆಂದು ಕರೆಯಬೇಕು. ನನ್ನ ಪರಿಚಯದ ದಂಪತಿಗಳ ಕಿವಿಯೋಲೆಯೊಂದು ಸಹಜ ಸೌಂದರ್ಯದೊಳಗೆ ಬಿದ್ದು ಎರಡು ವರ್ಷವಾಗಿದ್ದು, ಅದನ್ನು ತೆಗೆಯಬೇಕಾದರೆ ಪ್ರಕೃತಿಯನ್ನು ಸೀಳಬೇಕಾಗುತ್ತದೆಂಬ ಕಾರಣಕ್ಕೆ ಇನ್ನೂ ಅಲ್ಲಿಯೇ ಇದೆ. ಕೊರಡನ್ನು ಬಗ್ಗಿಸಿ ಅಲುಗಾಡಿಸಿ ನೋಡಬಹುದಲ್ಲ ಎಂದು ಕೇಳುವವರು ಅದರ ತೂಕವನ್ನು ತಿಳಿಯರು. 40 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ ಗಟ್ಟಿ ಮರದ ಕೊರಡು ಒಣಗಿದ ಮೇಲೂ 50 ಕಿಲೋಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ. ಮನೆಯಲ್ಲಿ ಅದನ್ನು ಸರಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ ಏಕೈಕ ಅಂಗವೆಂದರೆ ಯಜಮಾನರ ಕಾಲಿನ ಕಿರುಬೆರಳು.

ಪುಸ್ತಕದ ಗೋಪುರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರಲ್ಲಿ ಓದಬೇಕೆನಿಸುವ ಪುಸ್ತಕವು ಯಾವಾಗಲೂ ತಳದಲ್ಲಿಯೇ ಇರುತ್ತದೆ. ಏಣಿಯ ಮೆಟ್ಟಿಲ ಮೇಲೆ ನಿಲ್ಲುವ ಲೋಟವನ್ನು ನಾನು ಇನ್ನೂ ನೋಡಿಲ್ಲ.

ಎರಡೂ ಬದಿಯ ಮೇಜುಗಳು ಒಂದೇ ತೆರನಾಗಿರಬಾರದು ಎಂಬ ಉಪನಿಯಮವೊಂದಿದೆ. ಜೋಡಿ ಮೇಜುಗಳು ಕಲ್ಪನಾದಾರಿದ್ರ್ಯವನ್ನು ಸೂಚಿಸುತ್ತವಂತೆ. ಈ ಉಪನಿಯಮವನ್ನು ಮಾಡಿದವರು ಒಬ್ಬಂಟಿಯಾಗಿ ಮಲಗುವವರೇ ಇರಬೇಕು. ಒಂದು ಬದಿಯಲ್ಲಿ ಮೂರು ಡ್ರಾಯರುಗಳ ಪೆಟ್ಟಿಗೆಯನ್ನೂ ಇನ್ನೊಂದು ಬದಿಯಲ್ಲಿ ನಗಾರಿಯನ್ನೂ ಇಟ್ಟರೆ, ನಗಾರಿಯ ಬದಿಗೆ ಮಲಗುವವರು ತಮ್ಮ ಔಷಧಿ, ಚಾರ್ಜರ್, ಕರವಸ್ತ್ರ, ಟಾರ್ಚುಗಳನ್ನು ಎಲ್ಲಿಡಬೇಕೆಂಬ ಪ್ರಶ್ನೆಯು ಆ ಮನೆಯಲ್ಲಿ ವಿನ್ಯಾಸದ ಪ್ರಶ್ನೆಯಾಗಿ ಬಹಳ ದಿನ ಉಳಿಯುವುದಿಲ್ಲ. ನಡುರಾತ್ರಿ ಮೊಬೈಲು ನಡುಗಿದಾಗ ನಗಾರಿಯು ತನ್ನ ಮೂಲವೃತ್ತಿಯನ್ನು ನೆನಪಿಸಿಕೊಳ್ಳುವುದು ಬೇರೆ ಮಾತು.

ವಿಚಿತ್ರವಾದ ಮೇಜುಗಳನ್ನೆಲ್ಲ ನಾನು ತಿರಸ್ಕರಿಸುವವನಲ್ಲ. ಐರ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬದುಕಿದ ವಿನ್ಯಾಸಕಿ ಐಲೀನ್ ಗ್ರೇ 1920ರ ದಶಕದಲ್ಲಿ ಸಮುದ್ರತೀರದಲ್ಲಿ ಕಟ್ಟಿಸಿದ ‘ಇ-1027’ ಎಂಬ ಮನೆಗಾಗಿ ರೂಪಿಸಿದ ಮೇಜು ಆ ಕಾಲದವರ ಕಣ್ಣಿಗೆ ಕೊರಡಿಗಿಂತ ವಿಚಿತ್ರವಾಗಿ ಕಂಡಿರಬೇಕು: ಉಕ್ಕಿನ ಕೊಳವೆ, ದುಂಡು ಗಾಜು, ಒಂದು ಕಡೆ ಬಾಯ್ದೆರೆದ ಬಳೆಯಂತಹ ಪಾದ. ಆದರೆ ಆ ಪಾದವು ಮಂಚದ ಅಡಿಗೆ ಜಾರುತ್ತದೆ, ಗಾಜು ಹಾಸಿಗೆಯ ಮೇಲಕ್ಕೇ ಬರುತ್ತದೆ, ಸರಪಳಿಗೆ ಕಟ್ಟಿದ ಕೀಲನ್ನು ತೆಗೆದು ಬೇರೆ ರಂಧ್ರಕ್ಕೆ ಸಿಕ್ಕಿಸಿದರೆ ಎತ್ತರವೂ ಬದಲಾಗುತ್ತದೆ. ಅದರ ವಿಚಿತ್ರವೆಲ್ಲ ಹಾಸಿಗೆಯಲ್ಲಿರುವವರ ಸಲುವಾಗಿ ಹುಟ್ಟಿದ್ದು. ಫ್ರಾನ್ಸಿನವರೇ ಆದ ವಿನ್ಯಾಸಕ ಫಿಲಿಪ್ ಸ್ಟಾರ್ಕ್ ಅವರು ತೋಟದ ಕುಳ್ಳ ಗೊಂಬೆಗಳು ಹಲಗೆ ಹೊತ್ತು ನಿಂತಂತೆ ಸ್ಟೂಲುಗಳನ್ನು ಮಾಡಿ ‘ಅಟಿಲಾ’, ‘ನೆಪೋಲಿಯನ್’ ಎಂದು ಹೆಸರಿಟ್ಟಾಗ ತಾವು ತಮಾಷೆ ಮಾಡುತ್ತಿದ್ದೇವೆಂಬುದನ್ನು ಮರೆಮಾಚಲಿಲ್ಲ. ನಮ್ಮ ಸಲಹೆಗಾರರದ್ದು ತಮಾಷೆಯಲ್ಲ. ಅವರು ಕೊರಡಿನ ವಿಷಯದಲ್ಲಿ ಗಂಭೀರವಾಗಿದ್ದಾರೆ.

ಇನ್ನು ವಂಶಾವಳಿಯ ಮಾತು. ಮನೆಯೊಳಗೆ ನಲ್ಲಿ, ಚರಂಡಿಗಳಿಲ್ಲದ ಕಾಲದ ಯುರೋಪಿನಲ್ಲಿ ಹಾಸಿಗೆಯ ಪಕ್ಕದ ಪುಟ್ಟ ಕಪಾಟಿನೊಳಗೆ ಇರುತ್ತಿದ್ದದ್ದು ರಾತ್ರಿ ಮೂತ್ರಕ್ಕೆಂದು ಇಟ್ಟುಕೊಳ್ಳುತ್ತಿದ್ದ ಪಿಂಗಾಣಿಯ ಪಾತ್ರೆ. ಬಾಗಿಲು ಮುಚ್ಚಿದರೆ ಏನೂ ಕಾಣಬಾರದು ಎಂಬುದಕ್ಕಾಗಿಯೇ ಆ ಕಪಾಟಿನ ಮೈಮೇಲೆ ಬೇಕಾದ ಕೆತ್ತನೆ, ಬೇಕಾದ ಹೊಳಪು. ಪಾತ್ರೆ ಹೋಯಿತು, ಬಾಗಿಲು ಡ್ರಾಯರಾಗಿ ಉಳಿಯಿತು, ಈಗ ಡ್ರಾಯರೂ ಹೋಗಿ ಎಲ್ಲವೂ ಬಟಾಬಯಲಾಗಿದೆ. ಮುಲಾಮಿನ ಕೊಳವೆ, ಕಿವಿಗೆ ತುರುಕುವ ಹತ್ತಿ, ನಾಳೆ ಮಾಡಬೇಕಾದ ಕೆಲಸಗಳ ಚೀಟಿ ಎಲ್ಲವೂ ವ್ಯಕ್ತಿತ್ವದ ಅಭಿವ್ಯಕ್ತಿಯ ಮೇಲೆ ಹರಡಿ ಬಿದ್ದಿರುತ್ತವೆ. ಚಿತ್ರ ತೆಗೆಯುವಾಗ ಅವನ್ನೆಲ್ಲ ಸರಿಸಿ ಒಂದೇ ಒಂದು ಹೂವನ್ನು ಇಡುತ್ತಾರೆ.

ಕಳೆದ ವರ್ಷ ಸ್ನೇಹಿತನೊಬ್ಬನ ಮನೆಯಲ್ಲಿ ಒಂದು ರಾತ್ರಿ ತಂಗಬೇಕಾಯಿತು. ನನಗೆ ಬಿಟ್ಟುಕೊಟ್ಟ ಅವನ ಕೋಣೆಯಲ್ಲಿ ಹಾಸಿಗೆಯ ಪಕ್ಕದಲ್ಲಿ ನಾಲ್ಕು ಹಗ್ಗಗಳಿಂದ ಹಲಗೆಯೊಂದು ತೂಗುತ್ತಿತ್ತು, ಅದರ ಮೇಲೆ ಒಂದು ಹೂವಿತ್ತು. ಊಟವಾದ ಮೇಲೆ ಅವನು ಕೋಣೆಗೆ ಬಂದು, ಬಾಗಿಲನ್ನು ಹಾಕಿ, ಹಗ್ಗವನ್ನು ಹಲಗೆಗೆ ಸುತ್ತಿ ಮೇಲಿನ ಕೊಕ್ಕೆಗೆ ಸಿಕ್ಕಿಸಿದನು. ಅನಂತರ ನೆಲದವರೆಗೆ ಇಳಿಬಿದ್ದ ಕಿಟಕಿಯ ಪರದೆಯನ್ನು ಸರಿಸಿ, ಅದರ ಹಿಂದಿನಿಂದ ನಾಲ್ಕು ಕಾಲುಗಳ, ಒಂದು ಡ್ರಾಯರಿನ, ಮೇಲೆಲ್ಲ ಲೋಟದ ಬಿಳಿ ಉಂಗುರಗಳ ಗುರುತು ಬಿದ್ದಿದ್ದ ಹಳೆಯ ಮೇಜನ್ನು ಎತ್ತಿ ತಂದು ಹಾಸಿಗೆಯ ಪಕ್ಕಕ್ಕಿಟ್ಟನು.

“ಬೆಳಿಗ್ಗೆ ಎದ್ದ ಕೂಡಲೇ ಇದನ್ನು ಮತ್ತೆ ಪರದೆಯ ಹಿಂದಕ್ಕೆ ತಳ್ಳಿಬಿಡು,” ಎಂದು ಅವನು ದನಿ ತಗ್ಗಿಸಿ ಹೇಳಿದನು. “ಯಾರಾದರೂ ನೋಡಿಯಾರು.”