ಟೆಡಿ ಅಟ್ಲಾಸ್‌ಗೆ ಜಡ್ಜ್‌ಗಳ ಕಣ್ಣಿಲ್ಲ

ಬಾಕ್ಸಿಂಗ್ ಜಡ್ಜ್ ಆಗೋದು ಸುಲಭ ಅಲ್ಲ. ಟಿವಿ ಮುಂದೆ ಕೂತವರಿಗೆ ಯಾರಿಗೂ ಕಾಣದ ಹೊಡೆತ ಅವರಿಗೆ ಕಾಣಬೇಕು. ಎಲ್ಲರಿಗೂ ಕಂಡ ಹೊಡೆತ ಅವರಿಗೆ ಕಾಣಬಾರದು. ಈ ದಿವ್ಯದೃಷ್ಟಿ ಇಲ್ಲದೆ ಹಾಳಾದವರು ಅಮೆರಿಕದ ತರಬೇತುದಾರ, ಟಿವಿ ವಿವರಣೆಗಾರ ಟೆಡಿ ಅಟ್ಲಾಸ್.

ಇವರೇನು ಸಾಧು ಅಲ್ಲ. ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್‌ನ ಡಾಕ್ಟರ ಮಗ. ಬೀದಿ ಜಗಳದಲ್ಲಿ ಚಾಕು ಬಿದ್ದು ಮುಖಕ್ಕೆ 400 ಹೊಲಿಗೆ. ಆ ಗಾಯದ ಗೆರೆ ಈಗಲೂ ಕೆನ್ನೆ ಮೇಲಿದೆ. ಹೆಸರಾಂತ ತರಬೇತುದಾರ ಕಸ್ ಡಿ'ಅಮಾಟೊ ಗರಡಿಯಲ್ಲಿದ್ದಾಗ, 1982ರಲ್ಲಿ, ಸಿಟ್ಟು ನೆತ್ತಿಗೇರಿ ಹದಿಹರೆಯದ ಮೈಕ್ ಟೈಸನ್‌ಗೆ ಪಿಸ್ತೂಲು ಹಿಡಿದರು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಗರಡಿ ಬಿಡಬೇಕಾಯಿತು, ನಿಜ. ಆದರೆ ಬಾಕ್ಸಿಂಗ್ ಲೋಕ ದೊಡ್ಡ ಮನಸ್ಸಿನದು, ಮರೆತುಬಿಟ್ಟಿತು. 1994ರಲ್ಲಿ ಇವರ ಶಿಷ್ಯ ಮೈಕೆಲ್ ಮೂರರ್ ಹೋಲಿಫೀಲ್ಡ್‌ನನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದ. ಆ ಪಂದ್ಯದ ಮಧ್ಯೆ ಮೂರರ್ ಮಂಕಾಗಿ ತನ್ನ ಮೂಲೆಗೆ ಬಂದರೆ, ಅವನು ಕೂರಬೇಕಾದ ಸ್ಟೂಲ್ ಮೇಲೆ ಗುರುಗಳೇ ಕೂತಿದ್ದಾರೆ! ನಿನ್ನ ಬದಲು ನಾನೇ ಹೋಗಿ ಹೊಡೆದಾಡಲಾ ಅಂತ ಕೇಳಿದರು. ಅಂಥ ಗುರು.

ಆಮೇಲೆ ಟಿವಿಯವರ ಮೈಕು ಕೈಗೆ ಬಂತು. ಶುರುವಾಯಿತು ನೋಡಿ ತೊಂದರೆ.

2012ರ ಲಂಡನ್ ಒಲಿಂಪಿಕ್ಸ್. ಜಪಾನಿನ ಶಿಮಿಜು ಕೊನೆಯ ಸುತ್ತಿನಲ್ಲಿ ಅಜರ್‌ಬೈಜಾನಿನ ಹುಡುಗನನ್ನು ಆರು ಸಲ ಕೆಡವಿದ. ಜಡ್ಜ್‌ಗಳು 22-17 ಅಂತ ಗೆಲುವು ಕೊಟ್ಟದ್ದು ಬಿದ್ದವನಿಗೆ. ಬೀಳೋದಕ್ಕೂ ಶ್ರಮ ಬೇಕಲ್ವಾ? ಜಪಾನ್ ದೂರು ಕೊಟ್ಟ ಮೇಲೆ ತೀರ್ಪು ತಿರುಗಿತು. ನಮ್ಮ ವಿಕಾಸ್ ಕೃಷ್ಣನ್ ಎರೋಲ್ ಸ್ಪೆನ್ಸ್ ಮೇಲೆ 13-11ರಲ್ಲಿ ಗೆದ್ದ ಮೇಲೆ ಅಮೆರಿಕ ಅರ್ಜಿ ಹಾಕಿತು. ಕೂತ ಹಾಗೇ 13-15 ಆಗಿ ಸೋತರು. ಆ ತೀರ್ಪಿನ ವಿರುದ್ಧ ಭಾರತ ಹೋಯಿತು, ಬಾಗಿಲು ಮುಚ್ಚಿತ್ತು. ಇದೇ ಕೂಟದಲ್ಲಿ ಅಮೆರಿಕದ ಎನ್‌ಬಿಸಿ ಟಿವಿಗೆ ವಿವರಣೆ ಕೊಡುತ್ತಿದ್ದ ಅಟ್ಲಾಸ್ ತೀರ್ಪುಗಳ ಬಗ್ಗೆ ಬಾಯಿ ಬಿಟ್ಟರು. ದನಿ ಜಾಸ್ತಿಯಾಯಿತು ಅಂತ ದೂರು ಬಂತು. ರಿಂಗ್ ಪಕ್ಕದ ಜಾಗ ಬಿಟ್ಟು ಟಿವಿ ಪರದೆ ನೋಡಿಕೊಂಡು ಮಾತಾಡುವಂತಾಯಿತು. ಜಡ್ಜ್‌ಗಳ ಕಣ್ಣಿಗಿಂತ ಇವರ ಗಂಟಲು ದೊಡ್ಡ ಸಮಸ್ಯೆ.

2017ರ ಜುಲೈ, ಬ್ರಿಸ್ಬೇನ್. ಫಿಲಿಪೀನ್ಸ್‌ನ ಖ್ಯಾತ ಬಾಕ್ಸರ್ ಮ್ಯಾನಿ ಪಕ್ವಿಯಾವ್ ಎದುರು ಸ್ಥಳೀಯ ಮೇಷ್ಟ್ರು ಜೆಫ್ ಹಾರ್ನ್. ಒಂಬತ್ತನೇ ಸುತ್ತಿನಲ್ಲಿ ಹಾರ್ನ್ ಎಷ್ಟು ಹೊಡೆತ ತಿಂದರೆಂದರೆ, ಹೀಗೇ ಆದರೆ ನಿಲ್ಲಿಸಿಬಿಡುತ್ತೇನೆ ಅಂತ ರೆಫರಿಯೇ ಅವರ ಮೂಲೆಗೆ ಬಂದು ಹೇಳಿದರು. ಹೊಡೆತ ಎಣಿಸುವ ಕಂಪ್ಯೂಬಾಕ್ಸ್ ಲೆಕ್ಕದಲ್ಲಿ ಪಕ್ವಿಯಾವ್ ಹೊಡೆದದ್ದು 182, ಹಾರ್ನ್ 92. ಜಡ್ಜ್‌ಗಳು ಕೊಟ್ಟ ಅಂಕ ಇಬ್ಬರದ್ದು 115-113, ಒಬ್ಬರದ್ದು 117-111. ಮೂವರದ್ದೂ ಹಾರ್ನ್‌ಗೇ. ಇಎಸ್‌ಪಿಎನ್ ಕ್ರೀಡಾ ವಾಹಿನಿಗೆ ವಿವರಣೆ ಕೊಡುತ್ತಿದ್ದ ಅಟ್ಲಾಸ್ ಸುಮ್ನಿರಬಹುದಿತ್ತು. ಗೆದ್ದವರನ್ನು ರಿಂಗ್‌ನಲ್ಲೇ ಮಾತಾಡಿಸುತ್ತಾ, ಚೆನ್ನಾಗಿ ಹೋರಾಡಿದಿರಿ, ಆದರೆ ನನ್ನ ಲೆಕ್ಕದಲ್ಲಿ ನೀವು ಸೋತಿದ್ದೀರಿ ಅಂದುಬಿಟ್ಟರು. ಮದುವೆ ಮಂಟಪದಲ್ಲಿ ಮದುಮಗನನ್ನು ಪಕ್ಕಕ್ಕೆ ಕರೆದು ಹುಡುಗಿಗೆ ನೀನು ಇಷ್ಟ ಇಲ್ಲ ಅಂದ ಹಾಗೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನೋದು ಸುಮ್ನೆ ಅಲ್ಲ. 2018ರ ಹೊತ್ತಿಗೆ ಇಎಸ್‌ಪಿಎನ್‌ನಲ್ಲಿ ರಿಂಗ್ ಪಕ್ಕದ ಕುರ್ಚಿ ಇವರದಾಗಿರಲಿಲ್ಲ. ಎರಡಕ್ಕೂ ಸಂಬಂಧ ಉಂಟಾ ಅಂತ ನನ್ನನ್ನು ಕೇಳಬೇಡಿ. ಪಿಸ್ತೂಲು ಹಿಡಿದವರನ್ನು ಈ ಆಟ ಹನ್ನೆರಡು ವರ್ಷದಲ್ಲಿ ಚಾಂಪಿಯನ್ ಗುರು ಮಾಡಿತ್ತು. ಸ್ಕೋರ್ ಕಾರ್ಡ್ ಹಿಡಿದು ನಿಂತವರ ಲೆಕ್ಕ ಬೇರೆ.

2017ರ ಸೆಪ್ಟೆಂಬರ್‌ನಲ್ಲಿ ಕನೆಲೊ-ಗೊಲೊವ್‌ಕಿನ್ ಪಂದ್ಯದಲ್ಲಿ ಕನೆಲೊಗೆ 118-110 ಕೊಟ್ಟು ಊರೆಲ್ಲ ಬೈಸಿಕೊಂಡ ಜಡ್ಜ್‌ಗೆ ಏನಾಯಿತು ಅಂತೀರಾ? ಸ್ವಲ್ಪ ವಿಶ್ರಾಂತಿ. ಆಮೇಲೆ ಮತ್ತೆ ಕೆಲಸ.

ಅಂದ ಹಾಗೆ, ಆ ಕುರ್ಚಿಗೆ ಬಂದವರು ಟಿಮೊತಿ ಬ್ರಾಡ್ಲಿ. 2015ರಲ್ಲಿ ಅಟ್ಲಾಸ್ ಕೈಯಲ್ಲೇ ಪಳಗಿದವರು, ಮಾತೂ ಚೆನ್ನಾಗಿದೆ. 2012ರಲ್ಲಿ ಇದೇ ಪಕ್ವಿಯಾವ್ ಮೇಲೆ ಇಬ್ಬರು ಜಡ್ಜ್‌ಗಳ 115-113ರಿಂದ ಬೆಲ್ಟ್ ಗೆದ್ದಿದ್ದರು. ಗಲಾಟೆಯಾದಾಗ ಆ ಬೆಲ್ಟ್ ಕೊಡುವ ಸಂಸ್ಥೆ ಡಬ್ಲ್ಯುಬಿಒ ಐವರು ಜಡ್ಜ್‌ಗಳನ್ನು ಕೂರಿಸಿ ಪಂದ್ಯದ ವಿಡಿಯೊ ತೋರಿಸಿತು. ಐವರೂ ಪಕ್ವಿಯಾವ್ ಗೆದ್ದಿದ್ದಾರೆ ಅಂದರು. ಬೆಲ್ಟ್ ಮಾತ್ರ ಬ್ರಾಡ್ಲಿ ಹತ್ತಿರವೇ ಉಳಿಯಿತು.