ಸ್ಪಷ್ಟನೆ: ‘21 ದಿನಗಳಲ್ಲಿ ಅಭ್ಯಾಸ’ ಎಂಬ ಸಂದೇಶದ ಕುರಿತು

ಯಾವುದೇ ಹೊಸ ಅಭ್ಯಾಸವು 21 ದಿನಗಳಲ್ಲಿ ಮೈಗೂಡುತ್ತದೆ, ನಡುವೆ ಒಂದು ದಿನ ತಪ್ಪಿದರೂ ಮೊದಲಿನಿಂದ ಎಣಿಸಬೇಕು ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುವ ಸಂದೇಶದ ಎರಡೂ ಮಾತುಗಳು ಸರಿಯಲ್ಲ. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ತಮ್ಮ ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಹಿಡಿಯುತ್ತದೆ ಎಂದು ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದಿದ್ದರು. ಆ ಕನಿಷ್ಠ ಮಿತಿಯೇ ಬಾಯಿಂದ ಬಾಯಿಗೆ ದಾಟುತ್ತ ಎಲ್ಲರಿಗೂ ಅನ್ವಯಿಸುವ ಗಡುವಾಗಿಬಿಟ್ಟಿದೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸ ಮೈಗೂಡಲು ಬೇಕಾಗುವ ಅವಧಿಯ ಲೆಕ್ಕಾಚಾರದ ಅಂದಾಜು ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ಬದಲಾಗಿತ್ತು. ಒಮ್ಮೆ ತಪ್ಪಿದ್ದರಿಂದ ಗಣನೀಯ ಹಿನ್ನಡೆಯೂ ಕಂಡುಬರಲಿಲ್ಲ. ಸದುದ್ದೇಶದಿಂದಲೇ ಹಂಚಿದರೂ, 22ನೇ ದಿನವೂ ಅಭ್ಯಾಸ ಮೈಗೂಡದವರು ತಮ್ಮಲ್ಲೇ ದೋಷವಿದೆಯೆಂದು ಭಾವಿಸಿ ಪ್ರಯತ್ನವನ್ನು ಕೈಬಿಡುವಂತೆ ಮಾಡಬಹುದಾದ ಈ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.